ಮೂರನೆಯ ಬಟ್ಟಲಿಗೆ ಮುಂಚೆ

ಪತ್ರದ ನಡುವೆ ದಪ್ಪಕ್ಷರದಲ್ಲಿತ್ತು ಲೀವ್.
ಅಷ್ಟು ಸಾಕಾಯಿತು ಲೆತೆಬ್ರಹಾನಳಿಗೆ.
ಆಚೆಯದನ್ನು ಓದಲಿಲ್ಲ, ಈಚೆಯದನ್ನೂ ಓದಲಿಲ್ಲ.
ಮೂರು ವರ್ಷ ಕಾದವಳು
ಇಪ್ಪತ್ತು ನಿಮಿಷದಲ್ಲಿ ಗಂಟು ಕಟ್ಟಿದಳು:
ಎರಡು ಸ್ವೆಟರ್, ಅಣ್ಣನ ಫೋಟೊ, ಒಂದು ಹಿಡಿ ಕಾಫಿಬೀಜ,
ಟವೆಲಿನಲ್ಲಿ ಸುತ್ತಿದ ಮಣ್ಣಿನ ಜೆಬೆನಾ ಹೂಜಿ.
ಹೇಳದೆ ಹೋಗುವುದು ತರವಲ್ಲವೆಂದು
ಗ್ರಿಮ್ಸ್‌ಬಿಯ ಮೀನು ಹೊಗೆಹಾಕುವ ಓಣಿ ದಾಟಿ
ಮಂಗಳವಾರದ ಇಂಗ್ಲಿಷ್ ಕ್ಲಾಸಿಗೆ ಬಂದಳು.

ಹೆಸ್ಟರ್ ಬ್ರಾಕಲ್‌ಬ್ಯಾಂಕ್, ಎಪ್ಪತ್ತೊಂದು ವರ್ಷ,
ಕೊರಳಲ್ಲಿ ಎರಡು ಕನ್ನಡಕ,
ಒಂದನ್ನು ಹುಡುಕುವುದಕ್ಕೆ ಇನ್ನೊಂದು.
ಪತ್ರ ಓದಿದಳು. ತಿರುಗಿ ಓದಿದಳು.
'ಅಯ್ಯೋ ಹುಚ್ಚಿ, ಇದು ಆ ಲೀವ್ ಅಲ್ಲ!
ಹೋಗು ಅಂತಲ್ಲ, ಇರು ಅಂತ.
ಲೀವ್ ಟು ರಿಮೇನ್. ಇರಲು ಅಪ್ಪಣೆ.'

ಲೆತೆಬ್ರಹಾನ್ ಗೋಡೆಗೆ ಒರಗಿದಳು.
'ಹೋಗು ಅನ್ನುವ ಪದದಲ್ಲೇ ಇರು ಅನ್ನುತ್ತೀರಿ.
ಎಂಥ ಜನ ನೀವು?'

ಹೆಸ್ಟರ್ ಬೋರ್ಡಿನ ಮೇಲೆ ಎರಡು ಸಲ ಬರೆದಳು
ಅದೇ ಪದ, ನಡುವೆ ಒಂದು ಗೆರೆ.
ಅವಳಿಗಳಂತೆ ಕಾಣುತ್ತವೆ,
ಒಂದೇ ಹೊಟ್ಟೆಯವಲ್ಲ.
ಈ ಕಡೆಯದರ ಬೇರು ಅಂಟು, ಜಿಡ್ಡು,
ತೊಳೆದರೂ ತಳದಲ್ಲಿ ನಿಂತದ್ದು.
ಲೈಫ್ ಇದರ ಒಡಹುಟ್ಟು,
ಮೈಗೆ ಅಂಟಿಕೊಂಡಷ್ಟು ದಿನ.
ಆಗೆಲ್ಲ ಲೀವ್ ಎಂದರೆ ಉಳಿಸು.
ಸಾಯುವವನು ಮಗಳಿಗೆ ದೋಣಿ ಉಳಿಸಿದ,
ಉಂಡವಳು ನಾಯಿಗೆ ಮೂಳೆ ಉಳಿಸಿದಳು.
ಉಳಿಸಿದವರು ಎದ್ದು ಬಾಗಿಲ ಕಡೆ ನಡೆದರಲ್ಲ,
ಜನ ಮೂಳೆಯನ್ನು ಮರೆತು ಬೆನ್ನನ್ನು ನೋಡಿದರು.
ಪದವೂ ಬೆನ್ನ ಹಿಂದೆ ಹೊರಟುಹೋಯಿತು.

ಆ ಕಡೆಯದು ಬೇರೆ ಮನೆತನ.
ಅದರ ಅಕ್ಕ ಲವ್.
ಮೆಚ್ಚಿ ಕೊಟ್ಟದ್ದು, ಮನಸ್ಸಿದ್ದು ಕೊಟ್ಟದ್ದು.
'ಸರಕಾರಕ್ಕೆ ಇದು ಗೊತ್ತೇ?' ಅಂದಳು ದಾಯ್ವಾ,
ಲಿಥುವೇನಿಯದವಳು, ಕೈತುಂಬ ಮೀನಿನ ಮುಳ್ಳಿನ ಗೀರು.
ಯಾರೂ ಉತ್ತರಿಸಲಿಲ್ಲ.

ಬರೆಯುತ್ತಿರುವ ನನಗಿಲ್ಲಿ ಸುಮ್ಮನಿರಲಾಗುವುದಿಲ್ಲ.
ಅಂಟಿನ ಆ ಬೇರು ಸಂಸ್ಕೃತದ ದಾರಿ ಹಿಡಿದು
ನಮ್ಮಲ್ಲಿ ಲೇಪವಾಗಿದೆ, ಗಂಧದ್ದೋ ಸುಣ್ಣದ್ದೋ;
ಪ್ರೀತಿಯ ಬೇರು ನಮ್ಮ ತನಕ ಬರುವಷ್ಟರಲ್ಲಿ ಲೋಭ.
ಹೊಟ್ಟೆನೋವೆಂದು ಸುಳ್ಳು ಹೇಳಿ
ಲೀವ್ ಲೆಟರ್ ಬರೆದು ಬರೆದು ಬೆಳೆದ ನಮಗೆ
ಹೆಡ್‌ಮಾಸ್ತರರ ಹತ್ತಿರ ಬೇಡಿದ್ದು ಏನೆಂದು
ಒಂದು ದಿನವೂ ತಿಳಿಯಲಿಲ್ಲ.

ಲೆಫ್ಟ್ ಎಂದು ಬರೆಯಹೋಗಿ ಹೆಸ್ಟರ್ ನಿಂತಳು.
ಹೋದದ್ದೂ ಅದೇ, ಉಳಿದದ್ದೂ ಅದೇ.
ಹತ್ತೊಂಬತ್ತು ವರ್ಷದ ಹಿಂದೆ ವಿಲ್ಫ್ರಿಡ್ ಬಿಟ್ಟುಹೋದ.
ಬಿಟ್ಟುಹೋದದ್ದು ಒಂದು ಶೂ ಹಾರ್ನ್,
ಅರ್ಧ ಡಬ್ಬ ಸಾಸಿವೆ ಪುಡಿ,
ಯಾವ ಬೀಗದ್ದೆಂದು ಇನ್ನೂ ಗೊತ್ತಾಗದ ಕೀಲಿ.
ಬರೆಯಲಿಲ್ಲ. ಬೋರ್ಡು ಒರೆಸಿದಳು.
ಪೂರ್ತಿ ಅಳಿಯಲಿಲ್ಲ.

ಟವೆಲು ಬಿಚ್ಚಿ ಹೂಜಿ ಹೊರಬಂತು.
ಲೈಬ್ರರಿಯ ಹಿಂಬದಿಯಲ್ಲಿ ಒಂದು ಗ್ಯಾಸ್ ಒಲೆ.
ಹೊಗೆಗೆ ಕಿರುಚುವ ಯಂತ್ರಕ್ಕೆ
ದಾಯ್ವಾ ಕೆಲಸದ ತಲೆಟೋಪಿ ತೊಡಿಸಿದಳು.
ಬೀಜ ಹುರಿದ ಘಮಕ್ಕೆ
ಮೀನಿನೂರು ಒಂದು ಗಳಿಗೆ ಹಿಂದೆ ಸರಿಯಿತು.

ಮೊದಲ ಬಟ್ಟಲು ಕಡು. ಎರಡನೆಯದು ಹದ.
ಒಂಬತ್ತೂವರೆಗೆ ಕಡೆಯ ಬಸ್ಸೆಂದು
ಹೆಸ್ಟರ್ ಕೋಟಿಗೆ ಕೈಹಾಕಿದಳು.
ತಳದಲ್ಲಿ ಅಂಟಿದ ಚರಟದ ಮೇಲೆ
ಮೂರನೆಯ ನೀರು ಸುರಿಯುತ್ತ, ತಲೆಯೆತ್ತದೆ,
ಲೆತೆಬ್ರಹಾನ್ ಅಂದಳು:
'ನಮ್ಮಲ್ಲಿ ಮೂರನೆಯದು ಹರಕೆ.
ಅದಕ್ಕೆ ಮುಂಚೆ ಯಾರೂ ಏಳುವುದಿಲ್ಲ.
ಕೂತುಕೊಳ್ಳಿ ಮೇಡಂ.
ನಾನಿನ್ನೂ ನಿಮಗೆ ಲೀವ್ ಕೊಟ್ಟಿಲ್ಲ.'

ಕಿಟಕಿಯಾಚೆ ಬಸ್ಸು ಹೋಯಿತು,
ಒಳಗೆ ದೀಪ ಹಚ್ಚಿಕೊಂಡು, ಖಾಲಿ.